ಹಬೆಬಾವಿಯ ಡ್ರಿಲ್ಲರಣ್ಣ

ಡ್ರಿಲ್ಲರಣ್ಣನ ಬಲ ಅಂಗೈಯಲ್ಲಿ ರೇಖೆಗಳೇ ಇರಲಿಲ್ಲ. ಬೋರು ಕೊರೆಯುವಾಗ ಮೇಲೆ ಬರುವ ಕೆಸರನ್ನು ಬರಿಗೈಯಲ್ಲಿ ಹಿಡಿದು ತಿಕ್ಕಿ, ಕೆಳಗೆ ಎಂಥ ಕಲ್ಲಿದೆ ಎಂದು ಹೇಳುತ್ತಿದ್ದರು. ಇಪ್ಪತ್ತು ವರ್ಷ ತಿಕ್ಕಿ ತಿಕ್ಕಿ ಅಂಗೈ ನುಣ್ಣಗಾಗಿತ್ತು. "ಜೋಯಿಸ್ರಿಗೆ ನನ್ ಕೈಲಿ ಏನೂ ಕೆಲ್ಸ ಇಲ್ಲ ಕಣ್ಲಾ" ಎಂದು ನಗುತ್ತಿದ್ದರು.

ಹೊಸೂರಿನ ಹತ್ತಿರದ ತಳಿ ಎಂಬ ಊರಿನವರಾದ ಅವರು ನಮ್ಮ ಸೀಮೆಯಲ್ಲೆಲ್ಲ ನೀರಿನ ಬೋರು ಕೊರೆದವರು. ಹೊಸೂರಿನ ಒಂದು ಕಂಪನಿ ಇಥಿಯೋಪಿಯದಲ್ಲಿ ಬಾವಿ ಕೊರೆಯುವ ಗುತ್ತಿಗೆ ಹಿಡಿದಾಗ ಅವರನ್ನೂ ಫಿಟ್ಟರ್ ಆಗಿದ್ದ ನನ್ನನ್ನೂ ಕಳಿಸಿತು. ನೆಲದಾಳದ ಕಾವಿನಿಂದ ಏಳುವ ಹಬೆಯಲ್ಲಿ ಕರೆಂಟು ತೆಗೆಯುವ ಯೋಜನೆ ಅದು.

ಒಂದು ಬೆಳಗ್ಗೆ ನಾನು ಬಾವಿಯ ಬಾಯಿಯ ಪಕ್ಕ ಬೋಲ್ಟು ಬಿಗಿಯುತ್ತಿದ್ದೆ. ಯಂತ್ರದ ಸದ್ದು ಬದಲಾದದ್ದು ಅಣ್ಣನಿಗೆ ಮಾತ್ರ ತಿಳಿಯಿತು. "ಓಡ್ಲಾ!" ಎಂದು ಕಿರುಚಿ ನನ್ನನ್ನು ಆಚೆ ನೂಕಿದರು. ಹಬೆ ಸಿಡಿಯಿತು. ವಾಲ್ವು ಮುಚ್ಚುವವರೆಗೂ ಅವರು ಅಲ್ಲೇ ನಿಂತರು. ಆ ಆರ್ಭಟಕ್ಕೆ ಒಂದು ಕಿವಿ ಅಂದೇ ಹೋಯಿತು. ಇನ್ನೊಂದು ಮೆಲ್ಲಮೆಲ್ಲಗೆ ಹೋಯಿತು.

ಬಾವಿಗಾಗಿ ಮನೆ ಬಿಟ್ಟುಕೊಟ್ಟಿದ್ದ ಊರಿನವರು ಹಬೆ ನೋಡಲು ಬಂದರು. ಒಬ್ಬ ಮುದುಕಿ, ಬೆಳಕು ಯಾವಾಗ ಬರುತ್ತದೆ ಎಂದು ದುಭಾಷಿಯ ಮೂಲಕ ಕೇಳಿಸಿದಳು. ಅಧಿಕಾರಿಗಳು ಜೀಪಿನ ಕಡೆ ನಡೆದರು. ಅಣ್ಣ ಹೇಳಿದರು: "ಒಂದೇ ವರ್ಷ ಕಣವ್ವಾ. ಇದು ನನ್ ಮಾತು." ಆಕೆ ನಮಗೆಲ್ಲ ಕಾಫಿ ಕಾಸಿಕೊಟ್ಟಳು.

ಆಮೇಲೆ ಬಂಡವಾಳ ಹಾಕಿದವರು ಹಿಂದೆ ಸರಿದರು. ಟರ್ಬೈನು ಬರಲೇ ಇಲ್ಲ. ಬಾವಿಗೆ ಬೀಗ ಹಾಕಿ ನಮ್ಮನ್ನು ವಾಪಸು ಕಳಿಸಿದರು. ಹೊರಡುವ ಮುಂಚೆ ಅಣ್ಣ ಮ್ಯಾನೇಜರ ಎದುರು ನಿಂತರು.

"ಹಬೆ ಐತೆ ಸಾರ್. ಮುಚ್ಬುಟ್ರೆ ಆವಮ್ಮಂಗೆ ನಾನೇನ್ ಹೇಳ್ಲಿ?"

"ನಿಮಗ್ಯಾರು ಮಾತು ಕೊಡೋಕೆ ಹೇಳಿದ್ದು?" ಎಂದರು ಮ್ಯಾನೇಜರು.

ಕಲ್ಲಿನ ಸದ್ದು ಕೇಳಿಸದ ಡ್ರಿಲ್ಲರನಿಗೆ ಊರಲ್ಲಿ ಯಾರೂ ಕೆಲಸ ಕೊಡಲಿಲ್ಲ. ಭಾನುವಾರ ಬಸ್ಸು ಹತ್ತಿ ಕೆಲಮಂಗಲದ ನಮ್ಮ ಮನೆಗೆ ಬರುತ್ತಿದ್ದರು. ಬಾವಿ ಮತ್ತೆ ತೆರೆಯಿರಿ ಎಂದು ಅವರು ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಬರೆದು ಕಂಪನಿಗೆ, ಆ ದೇಶದ ವಿದ್ಯುತ್ ಇಲಾಖೆಗೆ ಕಳಿಸುತ್ತಿದ್ದೆ. ಒಂದಕ್ಕೂ ಉತ್ತರ ಬರಲಿಲ್ಲ. "ಇನ್ನೊಂದ್ ಬರಿ" ಎನ್ನುತ್ತಿದ್ದರು.

ಕಾಮಾಲೆ ಜೋರಾಗಿ ಅವರು ಹೊಸೂರಿನ ಆಸ್ಪತ್ರೆ ಸೇರಿದಾಗ ನೋಡಲು ಹೋದೆ. "ಬೆಳಕು ಬಂತೇನ್ಲಾ? ಸುಳ್ಳು ಬರೀಬ್ಯಾಡ" ಎಂದು ಕಾಗದ ಮುಂದಿಟ್ಟರು. ಆ ಮನುಷ್ಯ ನನ್ನ ಜೀವ ಉಳಿಸಿದ್ದರು. ಒಂದು ಸುಳ್ಳಿನ ಸಮಾಧಾನ ಕೊಡಲೂ ನನ್ನಿಂದ ಆಗಲಿಲ್ಲ. "ಇಲ್ಲಣ್ಣ" ಎಂದು ಬರೆದೆ. ಓದಿ, ಗೋಡೆಯ ಕಡೆ ಹೊರಳಿದರು.

ಮೂರನೆಯ ದಿನ ತಳಿಯಲ್ಲಿ ಮಣ್ಣು ಮಾಡಿದೆವು. ಇಥಿಯೋಪಿಯದ ಆ ಬಾವಿಗಿದ್ದ, ಇಂಗ್ಲಿಷು ಬಲ್ಲ ಕಾವಲುಗಾರನಿಗೆ ಫೋನು ಮಾಡಿ ತಿಳಿಸಿದೆ. ಆತ ಮುದುಕಿಗೆ ಸುದ್ದಿ ಮುಟ್ಟಿಸಿದನಂತೆ. ಆಕೆ, "ಹಾಗಾದರೆ ಇನ್ನು ಯಾರನ್ನು ಕೇಳುವುದು?" ಎಂದಳಂತೆ.