ಮೇಲ್ಸೇತುವೆಯ ಮೇಲೊಂದು ಜಾಗ

ನಮ್ಮ ದೇಶವನ್ನು ನಾನು ಎಷ್ಟು ಬೇಕಾದರೂ ಬೈಯುತ್ತೇನೆ, ಹೊರಗಿನವರು ಬೈದರೆ ಮೈ ಉರಿಯುತ್ತದೆ. ನೆದರ್ಲೆಂಡ್ಸಿನಿಂದ ಚೆನ್ನೈನ ಗಿಂಡಿಯ ನಮ್ಮ ಆಫೀಸಿಗೆ ಬಂದಿದ್ದ ಎಂಜಿನಿಯರ್ ಹೆಂಗಸು ಒಂದು ದಿನವೂ ಬೈಯಲಿಲ್ಲ. ಅದು ಇನ್ನೂ ಕಷ್ಟ. ಹವಾಮಾನ ಹೀಗೇ ಕೆಡುತ್ತಾ ಹೋದರೆ ಎರಡು ದೇಶಗಳ ರಸ್ತೆ, ಚರಂಡಿ, ಕರೆಂಟು ಎಷ್ಟು ತಡೆದುಕೊಳ್ಳುತ್ತವೆ ಎಂದು ಹೋಲಿಸುವುದು ನಮ್ಮಿಬ್ಬರ ಕೆಲಸ. ಅವರ ನೆಲ ಸಮುದ್ರಕ್ಕಿಂತ ತಗ್ಗಿನಲ್ಲಿದ್ದರೂ ಕಟ್ಟೆ, ಪಂಪು, ಕಾಲುವೆಗಳನ್ನು ನಂಬಿ ಜನ ನೆಮ್ಮದಿಯಾಗಿ ಮಲಗುತ್ತಾರೆ. ನದಿ ಉಕ್ಕಿದರೆ ಹರಡಿಕೊಳ್ಳಲಿ ಎಂದು ಹೊಲಗಳನ್ನೇ ಬಿಟ್ಟುಕೊಟ್ಟಿದ್ದಾರೆ. ಕೇಳಿ ನಿಜಕ್ಕೂ ಬೆರಗಾಗಿದ್ದೆ. ನಾವು ಕೆರೆ ಮುಚ್ಚಿ ಮನೆ ಕಟ್ಟಿದವರು. ನಮ್ಮ ಬೀದಿಯೂ ಅಂಥದೇ.

ಆ ಮಧ್ಯಾಹ್ನ ಭಾರಿ ಮಳೆಯ ಎಚ್ಚರಿಕೆ ಬಂತು. ಹಿಂದೆಯೇ ಅಮ್ಮನ ಫೋನು.

"ಸೀಕ್ರಂ, ಬೇಗ ಹೊರಡು ಕಣೇ. ಪಾಲಂ ಮೇಲೆ ಎಲ್ಲಾರೂ ಕಾರು ಇಡ್ತಾ ಇದಾರಂತೆ. ಆಮೇಲೆ ಜಾಗ ಸಿಗಲ್ಲ."

ಪಾಲಂ ಎಂದರೆ ನಮ್ಮ ಬಡಾವಣೆಯ ಪಕ್ಕದ ಮೇಲ್ಸೇತುವೆ. ದೊಡ್ಡ ಮಳೆ ಬರುತ್ತದೆಂದರೆ ತಗ್ಗಿನ ಬೀದಿಗಳವರೆಲ್ಲ ಅದರ ಅಂಚಿನುದ್ದಕ್ಕೂ ಕಾರು ನಿಲ್ಲಿಸುತ್ತಾರೆ. ಪೊಲೀಸರೂ ಕಂಡೂ ಕಾಣದಂತೆ ಇರುತ್ತಾರೆ. ಮರುದಿನ ಬೆಳಿಗ್ಗೆ ಅಮ್ಮನಿಗೆ ಡಯಾಲಿಸಿಸ್ ಇತ್ತು. ಅದನ್ನು ತಪ್ಪಿಸುವಂತಿಲ್ಲ. ಬೀದಿಯಲ್ಲಿ ನೀರು ನಿಂತರೆ ಆಟೋ, ಆಂಬುಲೆನ್ಸ್ ಯಾವುದೂ ಒಳಗೆ ಬರುವುದಿಲ್ಲ. ಕಾರು ಒಣಗಿದ್ದರೆ ಮಾತ್ರ ಆಸ್ಪತ್ರೆ.

ನೋಡಬೇಕೆಂದು ಆ ಎಂಜಿನಿಯರ್ ಹೆಂಗಸೂ ನನ್ನ ಜೊತೆ ಹೊರಟರು. ನಾವು ತಲುಪುವಷ್ಟರಲ್ಲಿ ಸೇತುವೆ ಈ ತುದಿಯಿಂದ ಆ ತುದಿಯವರೆಗೆ ಭರ್ತಿ. ಕಾರು ತೆವಳಿಸುತ್ತಾ ಜಾಗ ಹುಡುಕುತ್ತಿದ್ದಾಗ ಒಂದು ಹಳೆಯ ಕಾರಿನ ಪಕ್ಕ ಕೊಡೆ ಹಿಡಿದು ನಿಂತಿದ್ದವರು ಕೈ ಅಡ್ಡ ಹಾಕಿದರು. ನಮ್ಮ ಎದುರು ಮನೆಯ ಕಾಕಾ. ಧಾರವಾಡದ ಕಡೆಯವರು, ರೈಲ್ವೆಯಿಂದ ನಿವೃತ್ತರಾಗಿ ಇಲ್ಲೇ ಉಳಿದವರು, ಅಮ್ಮನನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುವವರು.

"ನಿನ್ನ ದಾರೀನ ನೋಡಾಕತ್ತಿದ್ದೆ. ನಂದು ತಗೀತೀನಿ, ನಿಂದು ಇಲ್ಲೆ ಹಚ್ಚು. ಮುಂಜಾನೆ ವೈನಿಯವರನ್ನ ಕರಕೊಂಡು ಹೋಗ್ಬೇಕಲ್ಲ?"

"ಮತ್ತೆ ನಿಮ್ಮ ಕಾರು, ಕಾಕಾ?"

"ಅದಕ್ಕ ಈಸಾಕ ಬರ್ತದ."

ಬೇಡ ಎನ್ನಬೇಕಿತ್ತು. ಕಾರು ಹಿಂದಕ್ಕೆ ತೆಗೆದು ಅವರಿಗೆ ದಾರಿ ಬಿಟ್ಟೆ. ಅವರು ಕಾರು ತೆಗೆದು, ಇಳಿಜಾರಿನಲ್ಲಿ ತಿರುಗಿಸಿಕೊಂಡು ನಮ್ಮ ಬೀದಿಯ ಕಡೆಗೇ ಇಳಿದುಹೋದರು. ಆ ಜಾಗದಲ್ಲಿ ನನ್ನ ಕಾರು ನಿಲ್ಲಿಸಿದೆ.

ಈ ಜಾಗಗಳನ್ನು ಹಂಚುವವರು ಯಾರು ಎಂದು ಆಕೆ ಕೇಳಿದರು. ಯಾರೂ ಇಲ್ಲ, ಅಮ್ಮನ ಕಾಯಿಲೆ ಗೊತ್ತಿದ್ದರಿಂದ ಕಾಕಾ ಬಿಟ್ಟುಕೊಟ್ಟರು ಎಂದೆ. ತಮ್ಮೂರಿನಲ್ಲಿ ಪಂಪು ಒಂದು ದಿನ ನಿಂತುಹೋದರೆ ಯಾರಿಗೆ ನೆರವು ಬೇಕಾದೀತು, ಎದುರು ಮನೆಯಲ್ಲಿ ಕಾಯಿಲೆಯವರು ಇದ್ದಾರೋ ಇಲ್ಲವೋ, ಅದೂ ತಮಗೆ ಗೊತ್ತಿಲ್ಲ ಎಂದರು. ಸಮಾಧಾನಕ್ಕೆ ಹೇಳಿದ್ದಲ್ಲ, ಅವರ ಮುಖ ಸಪ್ಪಗಾಗಿತ್ತು. ಆದರೆ ನನಗೆ ಅವರ ಪಂಪುಗಳೇ ಬೇಕಾಗಿದ್ದವು. ಕಾಕಾನಂಥ ಮನುಷ್ಯ ಪ್ರತಿ ವರ್ಷ ಕಾರು ಮುಳುಗಿಸಿಕೊಳ್ಳಬೇಕಾದ ಊರನ್ನು ಗಟ್ಟಿ ಊರು ಎಂದು ವರದಿಯಲ್ಲಿ ಹೇಗೆ ಬರೆಯಲಿ?

ಬೆಳಗಾಗುವಷ್ಟರಲ್ಲಿ ಬೀದಿಯಲ್ಲಿ ಮೊಣಕಾಲಿಗಿಂತ ಮೇಲೆ ನೀರು. ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಸೇತುವೆಯವರೆಗೆ ಹೊತ್ತರು. ಕುರ್ಚಿಯ ಮುಂದಿನ ಕಾಲು ಹಿಡಿದವರಲ್ಲಿ ಕಾಕಾ ಒಬ್ಬರು. ದಾರಿಯಲ್ಲಿ ಅವರ ಕಾರು ನಿಂತಿತ್ತು, ಸೀಟಿನವರೆಗೂ ಕೆಸರು ನೀರು. ಕಾಯಿಲೆ ಬಂದ ಮೇಲೆ ಒಂದು ದಿನವೂ ಅಳದ ಅಮ್ಮ ಅದನ್ನು ನೋಡಿ ಬಿಕ್ಕಿ ಬಿಕ್ಕಿ ಅತ್ತಳು.

ಕಾಕಾ ಕುರ್ಚಿಯನ್ನು ಇನ್ನಷ್ಟು ಎತ್ತಿ ಹಿಡಿದುಕೊಂಡರು.

"ಅಳಬ್ಯಾಡ್ರಿ ವೈನಿ, ಮೊದಲೇ ನೀರು ಹೆಚ್ಚಾಗೇದ."