ಗೋಡೆಗೆ ಮುಖ ಮಾಡಿ ನಿಲ್ಲುವ ಅಕ್ಕ

ಅವಳಿಗೆ ಆ ಹೆಸರು ಇಟ್ಟವನು ಛತ್ರಿ ರಿಪೇರಿಯವನು. ಬಾಯಿ ಬಿಟ್ಟರೆ ಯಾರಿಗಾದರೂ ಒಂದು ಅಡ್ಡಹೆಸರು ಅಂಟಿಸದೆ ಮುಚ್ಚುವ ಗಿರಾಕಿಯಲ್ಲ ಅವನು. ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆಯ ಆಫೀಸಿಗೆ ಮೊದಲ ಸಲ ಹೋಗಿ ಇಳಿದು ಬಂದವನೇ, ಬೀದಿಗೆಲ್ಲ ಕೇಳುವ ಹಾಗೆ, "ಮೇಲೆ ಒಬ್ಬ ಅಕ್ಕ ಇದಾಳೆ ಕಣ್ರೋ, ಮುಖ್ಯವಾದ ಹೊತ್ತಿಗೆ ಸರಿಯಾಗಿ ಗೋಡೆ ನೋಡ್ತಾ ನಿಂತ್ಬಿಡ್ತಾಳೆ" ಎಂದ. ಅವತ್ತಿನಿಂದ ಅವಳು ಗೋಡೆಯಕ್ಕ. ಜಗಳವಾಡುವಾಗ ಸ್ವಂತ ಗಂಡನೂ ಹಾಗೇ ಕರೆಯುತ್ತಿದ್ದ.

ಗೋಡೆಯಕ್ಕ ಒಂದು ಬ್ಲಾಕ್‌ಚೈನ್ ಸಂಸ್ಥೆಯ ಬೀದಿ ಆಫೀಸಿನ ಕೆಲಸಗಾರ್ತಿ, ಬಂದವರಿಗೆ ಅದನ್ನು ಬಳಸಲು ಕಲಿಸುವವಳು. ಬ್ಲಾಕ್‌ಚೈನ್ ಎಂದ ಕೂಡಲೇ ಯಾರೂ ಹೆದರಬೇಕಾಗಿಲ್ಲ. ಅವಳೇ ಹೇಳುತ್ತಿದ್ದ ಹಾಗೆ ಅದೊಂದು ಲೆಕ್ಕ. ಒಂದು ಕಚೇರಿಯ ಒಂದು ಬೀರುವಿನಲ್ಲಿ ಕೂರುವ ಬದಲು ಸಾವಿರಾರು ಕಂಪ್ಯೂಟರುಗಳಲ್ಲಿ ಒಂದೇ ರೀತಿ ಬರೆದಿರುವ ಲೆಕ್ಕ, ಯಾವ ಗುಮಾಸ್ತನೂ ಸಿಟ್ಟು ಬಂದಾಗ ಹರಿದು ಹಾಕಲಾರ. ಪರದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣ ಅದರ ಮೂಲಕ ಬೇಗ ಬರುತ್ತದೆ, ನಡುವೆ ಕೈಯೊಡ್ಡುವವರೂ ಕಡಿಮೆ. ಅದಕ್ಕೆ ಫೋನಿನಲ್ಲಿ ಒಂದು ವ್ಯಾಲೆಟ್ ಬೇಕು. ವ್ಯಾಲೆಟ್ ತೆರೆಯುವಾಗ ಪರದೆಯ ಮೇಲೆ ಹನ್ನೆರಡು ಪದಗಳು ಬರುತ್ತವೆ. ಅವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಫೋನು ಹಾಳಾದರೆ ಆ ಪದಗಳೇ ಗತಿ. ಬೇರೆಯವರು ನೋಡಿದರೆ ಹಣ ಅವರದು, ಕಳೆದುಹೋದರೆ ಯಾರದೂ ಅಲ್ಲ.

ಆ ಪದಗಳು ಬರುವ ಹೊತ್ತಿಗೆ ಅವಳು ಗೋಡೆಯ ಕಡೆ ತಿರುಗುತ್ತಿದ್ದಳು. ಸಂಸ್ಥೆಯ ಕೈಪಿಡಿಯಲ್ಲಿ ಇದ್ದದ್ದು 'ನೋಡಬಾರದು' ಎಂದಷ್ಟೆ. ಬೇರೆ ಬೀದಿಗಳ ಕೆಲಸಗಾರರು ಕತ್ತು ಹೊರಳಿಸಿ, ಮೊಬೈಲು ನೋಡಿಕೊಂಡು ಕೂರುತ್ತಿದ್ದರು. ಇವಳು ಎದ್ದು, ಕುರ್ಚಿ ಸರಿಸಿ, ಮೂಗು ಸುಣ್ಣಕ್ಕೆ ತಾಗುವಷ್ಟು ಹತ್ತಿರ ಹೋಗಿ ನಿಲ್ಲುತ್ತಿದ್ದಳು. "ಬರೆದಾಯ್ತಾ? ಇನ್ನೊಂದು ಪ್ರತಿ ಬರೀರಿ. ಮಡಚಿದ್ರಾ? ಒಳಗಿಟ್ರಾ? ಈಗ ತಿರುಗಲಾ?" ಎಂದು ಗೋಡೆಗೇ ಪಾಠ ಹೇಳುತ್ತಿದ್ದಳು. ಬಂದವರು ಮುಸಿಮುಸಿ ನಗುತ್ತಿದ್ದರು. ನಗಲಿ ಎಂದೇ ಬಿಟ್ಟಿದ್ದಳು.

ಇಷ್ಟು ಹಟ ಯಾಕೆಂದರೆ, ಇದಕ್ಕೆ ಮೊದಲು ಅವಳು ಸರ್ಕಾರಿ ಕಚೇರಿಯ ಮುಂದೆ ಮೇಜು ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದಳು. ಬಂದವರು ತಮ್ಮ ಗುಟ್ಟು ಸಂಖ್ಯೆಗಳನ್ನೆಲ್ಲ ಅರ್ಜಿ ಬರೆಯುವವರ ಕಿವಿಗೇ ಹೇಳಿ ಹೋಗುತ್ತಿದ್ದರು. ಪಕ್ಕದ ಮೇಜಿನವನು ಹೂವಿನಂಥ ಮನುಷ್ಯ, ಯಾರ ತಂಟೆಗೂ ಹೋದವನಲ್ಲ. ಮಗಳು ಆಸ್ಪತ್ರೆ ಸೇರಿದ ವಾರ, ಗುಟ್ಟು ಸಂಖ್ಯೆ ತನಗೆ ಗೊತ್ತಿದ್ದ ಒಬ್ಬ ವಿಧವೆಯ ಬ್ಯಾಂಕ್ ಖಾತೆಯನ್ನು ಗುಡಿಸಿ ಹಾಕಿದ. ಪೊಲೀಸರು ಅವನನ್ನು ಕರೆದೊಯ್ದ ದಿನ ಅವಳು ಮನೆಗೆ ಬಂದು ಗಂಡನ ಮುಂದೆ ಅತ್ತಳು. "ಅವನು ಕಳ್ಳ ಅಲ್ಲ ರೀ. ಅವನಿಗೆ ಗೊತ್ತಿತ್ತು, ಅಷ್ಟೆ. ಗೊತ್ತಿಲ್ದೇ ಇದ್ದಿದ್ರೆ ಒಳ್ಳೆಯವನಾಗೇ ಸಾಯ್ತಿದ್ದ."

ಗಂಡ ಬೀಗದ ಕೀ ಮಾಡುವವನು. ಹೆಂಡತಿಯ ಹೊಸ ಕೆಲಸ ಅವನಿಗೆ ದಿನಾ ಒಂದು ತಮಾಷೆ. "ಜೀವಮಾನವೆಲ್ಲ ಊರಿನವರಿಗೆ ನಕಲಿ ಕೀ ಮಾಡಿಕೊಟ್ಟೆ. ನೀನು ನೋಡಿದ್ರೆ ನನ್ನಂಥೋನು ನಕಲು ಮಾಡೋಕಾಗದ ಕೀ ಹಂಚ್ತಿದೀಯ. ನಾಳೆ ನನ್ನ ಅಂಗಡಿ ಮುಚ್ಚಿಸ್ತೀಯ." "ಮುಚ್ಚಿ, ಮನೇಲಿ ಪಾತ್ರೆ ತೊಳೆಯೋಕೆ ಜನ ಇಲ್ಲ" ಎನ್ನುತ್ತಿದ್ದಳು. ಹಾಗೆ ಸುಖವಾಗಿಯೇ ನಡೆಯುತ್ತಿತ್ತು.

ಕಲ್ಲು ಬಿದ್ದದ್ದು ದೂರದಿಂದ. ಆ ಸಂಸ್ಥೆಗೆ ಯಜಮಾನ ಎಂದು ಒಬ್ಬನಿಲ್ಲ. ಹಲವು ದೇಶಗಳ ಸದಸ್ಯರು ಇಂಟರ್‌ನೆಟ್ಟಿನಲ್ಲಿ ಸೇರಿ, ಓಟು ಹಾಕಿ ಎಲ್ಲವನ್ನೂ ತೀರ್ಮಾನಿಸುತ್ತಾರೆ. ಅವರಲ್ಲಿ ಒಬ್ಬ ತನ್ನ ಮುಖದ ಬದಲು ಕಪ್ಪೆಯ ಚಿತ್ರ ಹಾಕಿಕೊಂಡವನು. ಕೆಲಸದ ಸಾಕ್ಷಿಗೆಂದು ಬೀದಿ ಆಫೀಸುಗಳಿಂದ ಬರುವ ಫೋಟೋಗಳನ್ನು ಅವನು ಕೂತು ನೋಡಿದ. ಗೋಡೆಯಕ್ಕನ ಆಫೀಸಿನ ಪ್ರತಿ ಫೋಟೋದಲ್ಲೂ ಅವಳ ಬೆನ್ನು. ಜನ ಮೇಜಿನ ಮುಂದೆ ಒದ್ದಾಡುತ್ತಿದ್ದಾರೆ, ಕೆಲಸಗಾರ್ತಿ ಗೋಡೆಯ ಕಡೆ ತಿರುಗಿ ನಿಂತಿದ್ದಾಳೆ. ಎಲ್ಲವನ್ನೂ ಸಾಲಾಗಿ ಜೋಡಿಸಿ ಅವನು ಬರೆದ: 'ಗೋಡೆ ನೋಡುವುದಕ್ಕೆ ಸಂಬಳವೇ? ಬೀದಿ ಆಫೀಸುಗಳನ್ನು ಮುಚ್ಚಿ. ಒಂದು ವಿಡಿಯೋ ಮಾಡಿ ಹಾಕಿದರೆ ಜನ ತಾವೇ ಕಲಿಯುತ್ತಾರೆ.' ಕೆಲಸ ಮಾಡದವರಿಗೆ ಕೆಲಸ ಮಾಡುವವರ ಬೆನ್ನು ಮಾತ್ರ ಕಾಣುವುದು ಹೊಸದೇನಲ್ಲ. ಆದರೆ ಆ ಮಾತಿಗೆ ತಲೆದೂಗಿದವರು ಬಹಳ ಜನ. ಮುಚ್ಚಬೇಕೋ ಬೇಡವೋ ಎಂದು ಓಟಿಗೇ ಬಂತು.

ಆಫೀಸಿನ ಸಂಯೋಜಕ ದಪ್ಪ ಕನ್ನಡಕದ ಹುಡುಗ. ಅವನಿಗೆ ತನ್ನ ನೌಕರಿಗಿಂತ ಅಕ್ಕನ ನೌಕರಿಯ ಚಿಂತೆಯೇ ಹೆಚ್ಚಾಯಿತು. "ಅಕ್ಕಾ, ಒಂದೇ ಒಂದು ಫೋಟೋ. ಯಾರ ಪಕ್ಕದಲ್ಲಾದ್ರೂ ಕೂತು ಪರದೆ ನೋಡಿ ಸಾಕು. ಸುಮ್ನೆ ಕಣ್ಣಿಗೆ ಚೆನ್ನಾಗಿರುತ್ತೆ" ಎಂದು ಅಂಗಲಾಚಿದ. ಅವಳೂ ಮನಸ್ಸು ಮಾಡಿದಳು. ಈ ವಯಸ್ಸಿನಲ್ಲಿ ಮತ್ತೆ ಕಚೇರಿ ಮುಂದೆ ಮೇಜು ಹಾಕುವುದು ಅವಳಿಗೆ ಬೇಡವಾಗಿತ್ತು. ಛತ್ರಿ ರಿಪೇರಿಯವನು ತಲೆ ಬಾಚಿಕೊಂಡು ಬಂದು ಕೂತ. ಹೊಸ ವ್ಯಾಲೆಟ್ ತೆರೆದರು. ಪದಗಳು ಬಂದವೋ ಇಲ್ಲವೋ, ಅವಳ ಮೈ ತಾನಾಗಿ ತಿರುಗಿತು. ಫೋಟೋದಲ್ಲಿ ಸಿಕ್ಕಿದ್ದು ಛತ್ರಿಯವನ ಹಲ್ಲು ಮತ್ತು ಅವಳ ಒಂದು ಕಿವಿ.

ಅದೇ ಸಮಯಕ್ಕೆ ಲಾಂಡ್ರಿ ದೊಡ್ಡಮ್ಮನ ರಂಪವೂ ಎದ್ದಿತು. ಮೂಲೆಯ ಲಾಂಡ್ರಿಯ ಒಡತಿ ಆಕೆ. ಗೋಡೆಯಕ್ಕನಿಗೆ ರಕ್ತಸಂಬಂಧವೇನಿಲ್ಲ, ಬೀದಿಗೇ ದೊಡ್ಡಮ್ಮ. ಹಡಗಿನ ಅಡುಗೆಮನೆಯಲ್ಲಿ ದುಡಿಯುವ ಮಗಳು ಕಳಿಸಿದ್ದನ್ನೆಲ್ಲ ಆಕೆ ವ್ಯಾಲೆಟ್ಟಿನಲ್ಲೇ ಕೂಡಿಟ್ಟಿದ್ದಳು. ಎರಡು ಪ್ರತಿ ಬರೆದು ಎರಡು ಕಡೆ ಇಡಿ ಎಂದು ಗೋಡೆಯಕ್ಕ ಹೇಳಿದ್ದಳು. ದೊಡ್ಡಮ್ಮ ಚಾಚೂ ತಪ್ಪದೆ ಪಾಲಿಸಿದ್ದಳು: ಒಂದು ಏಪ್ರನ್ನಿನ ಎಡ ಜೇಬಿನಲ್ಲಿ, ಇನ್ನೊಂದು ಬಲ ಜೇಬಿನಲ್ಲಿ. ನಡುವಿನ ಜೇಬಿನಲ್ಲಿ ಫೋನು. ಒಂದು ದಿನ ಗಡಿಬಿಡಿಯಲ್ಲಿ ಆ ಏಪ್ರನ್ನನ್ನೇ ಬಿಸಿನೀರಿನ ಮೆಷಿನ್ನಿಗೆ ಹಾಕಿಬಿಟ್ಟಳು. ಊರ ಬಟ್ಟೆಯ ಜೇಬುಗಳನ್ನೆಲ್ಲ ತಡಕಿ ನೋಡುವ ಹೆಂಗಸು ತನ್ನ ಜೇಬು ನೋಡಿಕೊಳ್ಳಲಿಲ್ಲ.

ಅಳುತ್ತಾ ಬಂದವಳು ನೇರವಾಗಿ ಗೋಡೆಯಕ್ಕನ ಕೈ ಹಿಡಿದಳು. "ನೀನು ಕೋಣೇಲೇ ಇದ್ದೆ ಕಣೇ. ಒಂದಾದ್ರೂ ನೋಡಿರ್ತೀಯ."

"ಇಲ್ಲ ದೊಡ್ಡಮ್ಮಾ. ಗೋಡೆ ಕಡೆ ಇದ್ದೆನಲ್ಲ."

"ಎಲ್ಲಾದ್ರೂ ಬರೆದಿಟ್ಟಿರ್ತೀಯ. ಸಂಸ್ಥೆಯವರು ಹೇಳಬೇಡ ಅಂದಿರ್ತಾರೆ. ನನಗೆ ಮಾತ್ರ ಹೇಳು."

ಏನು ಹೇಳಿದರೂ ದೊಡ್ಡಮ್ಮ ನಂಬಲಿಲ್ಲ. ಮರುದಿನ ಅಳಿಯ ಬಂದು ಮೇಜು ಗುದ್ದಿ ಹೋದ. ಆಮೇಲೆ ಬೀದಿಯ ನಲ್ಲಿಯ ಹತ್ತಿರ ಎಲ್ಲರ ಮುಂದೆ ದೊಡ್ಡಮ್ಮನ ಬೈಗುಳ. ಗೋಡೆಯಕ್ಕ ಬೈಸಿಕೊಳ್ಳುತ್ತಲೇ ಕೊಡ ತುಂಬಿಸಿಕೊಂಡು ಹೋದಳು. ಕಾಗದ ಎಲ್ಲಿಡುತ್ತೀರಿ ಎಂದು ಒಂದು ಮಾತು ಕೇಳಿದ್ದರೆ ಹೀಗಾಗುತ್ತಿತ್ತೇ ಎಂಬ ಕೊರಗು ಅವಳನ್ನು ಒಳಗೇ ತಿನ್ನುತ್ತಿತ್ತು. ಕಪ್ಪೆ ಮುಖದವನಿಗೂ ಸುದ್ದಿ ಮುಟ್ಟಿತು. 'ನೋಡಿ, ಜನರೇ ದೂರುತ್ತಿದ್ದಾರೆ' ಎಂದು ಅವನು ಇನ್ನೊಂದು ಸಾಲು ಸೇರಿಸಿದ.

ಓಟಿಗೆ ಮೊದಲು ಒಂದು ಸಭೆ. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕನ್ನಡಕದ ಹುಡುಗ ಲ್ಯಾಪ್‌ಟಾಪು ಇಟ್ಟ. ಪರದೆಯ ತುಂಬ ಚೌಕ ಚೌಕ ಮುಖಗಳು, ನಡುವೆ ಕಪ್ಪೆ. ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು. ಗೋಡೆಯಕ್ಕ ಮೂರು ದಿನದಿಂದ ಮಾತು ಬಾಯಿಪಾಠ ಮಾಡಿಕೊಂಡಿದ್ದಳು. ಸರದಿ ಬಂದಾಗ ಅಷ್ಟೂ ಮರೆತುಹೋಯಿತು. "ನಾನು... ನೋಡಲ್ಲ. ಅದೇ ನನ್ನ ಕೆಲಸ" ಎಂದಷ್ಟೇ ಹೇಳಿ ಬೆವರು ಒರೆಸಿಕೊಂಡಳು. ಹುಡುಗ ಅದನ್ನು ಅವರ ಭಾಷೆಗೆ ತಿರುಗಿಸಿ ಹೇಳಿದಾಗ ಅತ್ತ ಕಡೆ ಒಂದಿಬ್ಬರು ನಕ್ಕರು. ತನ್ನನ್ನು ಕಾಯುವವರು ಯಾರೂ ಇಲ್ಲ ಎಂದು ಅವಳಿಗೆ ಆಗ ಖಾತ್ರಿಯಾಯಿತು.

ಮೆಟ್ಟಿಲ ಮೇಲೆ ದಡದಡ ಸದ್ದು. ಲಾಂಡ್ರಿ ದೊಡ್ಡಮ್ಮ ಏದುಸಿರು ಬಿಡುತ್ತ ಒಳಗೆ ಬಂದಳು. "ಇವಳನ್ನ ತೆಗೆಯೋ ಪಂಚಾಯ್ತಿ ಇದೇನಾ? ಸರಿ, ನಾನೂ ಹೇಳೋದಿದೆ" ಎಂದವಳೇ ಗೋಡೆಯಕ್ಕನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತಳು. ಹುಡುಗನ ಮುಖ ಬಿಳಿಚಿಕೊಂಡಿತು. ಮುಗಿಯಿತು ಕಥೆ ಎಂದುಕೊಂಡಳು ಗೋಡೆಯಕ್ಕ.

"ನನ್ನ ದುಡ್ಡು ಹೋಯ್ತು" ಎಂದು ಶುರುಮಾಡಿದಳು ದೊಡ್ಡಮ್ಮ. "ಇವಳನ್ನ ಕಂಡ್ರೆ ನನಗೆ ಮೈಯೆಲ್ಲ ಉರಿಯುತ್ತೆ. ಹೇಳೋ ಅವರಿಗೆ." ಹುಡುಗ ತೊದಲುತ್ತ ಹೇಳಿದ. ಕಪ್ಪೆಯ ಚೌಕದಿಂದ, 'ನಾನು ಹೇಳಿದ್ದು ಇದನ್ನೇ' ಎಂಬ ಅರ್ಥದ ಮಾತು ಬಂತು.

"ಸ್ವಲ್ಪ ಬಾಯಿ ಮುಚ್ಚಪ್ಪಾ ಕಪ್ಪೆ. ನನ್ನದು ಮುಗಿದಿಲ್ಲ. ನಾನು ಇವಳ ಕೈ ಹಿಡಿದೆ, ಕಾಲಿಗೂ ಬಿದ್ದೆ. ಅಳಿಯನ್ನ ಕಳಿಸಿ ಹೆದರಿಸಿದೆ. ಆಮೇಲೆ ಒಬ್ಬಳೇ ಬಂದು ಕಿವೀಲಿ ಹೇಳ್ದೆ, ಪದ ಹೇಳೇ, ಇರೋದ್ರಲ್ಲಿ ಅರ್ಧ ನಿಂದು ಅಂತ. ಅರ್ಧ! ಅದಕ್ಕೂ ಗೊತ್ತಿಲ್ಲ ಅಂದ್ಳು. ಅರ್ಧ ಬೇಡ ಅನ್ನೋಕೆ ಇವಳೇನು ದೇವತೆನಾ? ಗಂಡ ಕೀ ಮಾಡೋನು, ಮಳೆ ಬಂದ್ರೆ ಮನೆ ಸೋರುತ್ತೆ. ಆವತ್ತು ರಾತ್ರಿ ಮಲಗಿ ಯೋಚನೆ ಮಾಡ್ದೆ. ಇವಳಿಗೆ ನಿಜವಾಗ್ಲೂ ಗೊತ್ತಿಲ್ಲ! ಈ ಬೀದೀಲಿ ನನ್ನ ಸಾಲ, ನನ್ನ ಕಾಯಿಲೆ, ಮಗಳ ಸಂಸಾರ ಎಲ್ಲಾ ಎಲ್ಲರಿಗೂ ಗೊತ್ತು. ಎದುರಿಗೇ ಇದ್ರೂ ನನ್ನ ಗುಟ್ಟು ತಿಳ್ಕೊಳ್ಳದೇ ಇದ್ದೋಳು ಇವಳೊಬ್ಬಳೇ."

ಹುಡುಗ ಒಂದೊಂದೇ ಮಾತನ್ನು ಅವರ ಭಾಷೆಗೆ ತಿರುಗಿಸುತ್ತ ಹೋದ. ದೊಡ್ಡಮ್ಮ ಬೆರಳೆತ್ತಿ ಪರದೆಗೆ ಚುಚ್ಚಿದಳು.

"ಇವಳನ್ನ ತೆಗೀರಿ. ನಾಳೆ ನಮಗೆ ಯಾರೂ ಕಲಿಸೋರಿರಲ್ಲ. ಆಗ ಒಬ್ಬ ಬರ್ತಾನೆ, ನಗ್ತಾ ನಗ್ತಾ ಪಕ್ಕ ಕೂತ್ಕೊತಾನೆ, ಕೊಡಿ ಅಮ್ಮಾ ನಾನೇ ಮಾಡ್ಕೊಡ್ತೀನಿ ಅಂತಾನೆ. ಅವನು ನೋಡ್ತಾನೆ. ನಿಮ್ಮ ಫೋಟೋಗೆ ಚೆನ್ನಾಗೂ ಕಾಣಿಸ್ತಾನೆ."

ಎದ್ದು, ಗೋಡೆಯಕ್ಕನ ಮುಖವನ್ನೂ ನೋಡದೆ ಇಳಿದು ಹೋದಳು.

ವಾರದ ಕೊನೆಗೆ ಓಟಿನ ಫಲ ಬಂತು. ಬೀದಿ ಆಫೀಸುಗಳು ಉಳಿದವು. ಭಾರೀ ಗೆಲುವೇನಲ್ಲ, ಕೂದಲೆಳೆಯ ಅಂತರದಲ್ಲಿ ದಾಟಿದ್ದು. ಕಪ್ಪೆ ಮುಖದವನು ಆಗಲೂ ಆಫೀಸುಗಳ ವಿರುದ್ಧವೇ ಓಟು ಹಾಕಿದ. ಹಾಕಲಿ ಬಿಡಿ, ಮೆಟ್ಟಿಲು ಹತ್ತಿ ಬರುವವರು ಅವನನ್ನು ಕೇಳಿ ಬರುವುದಿಲ್ಲ. ಛತ್ರಿ ರಿಪೇರಿಯವನು ಗೆದ್ದದ್ದು ತನ್ನ ಫೋಟೋದಿಂದ ಎಂದು ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ.

ಕೆಲವು ದಿನ ಕಳೆದ ಮೇಲೆ ದೊಡ್ಡಮ್ಮ ಹೊಸ ಫೋನು ಹಿಡಿದುಕೊಂಡು ಬಂದಳು. ಹೋದ ಹಣ ಹೋಗಿಯೇ ಇತ್ತು. ಮಗಳು ಹಡಗಿನಿಂದ ಮತ್ತೆ ಮೊದಲಿನಿಂದ ಕಳಿಸಬೇಕಿತ್ತು. ಗೋಡೆಯಕ್ಕ ಕುರ್ಚಿ ಒರೆಸಿ ಕೂರಿಸಿದಳು. ಎಲ್ಲಿಡ್ತೀರಿ ಅಂತ ನನಗೆ ಹೇಳಬೇಡಿ, ಆದರೆ ಒಗೆಯೋ ಯಾವುದರಲ್ಲೂ ಇಡಬೇಡಿ ಎಂದಳು. ದೊಡ್ಡಮ್ಮನಿಗೆ ನಗು ಬಂತು, ತಡೆದುಕೊಂಡಳು. ವ್ಯಾಲೆಟ್ ತೆರೆಯಿತು. ಗೋಡೆಯಕ್ಕ ಏಳಲು ಹೋದಾಗ ದೊಡ್ಡಮ್ಮ ಅವಳ ಮಣಿಕಟ್ಟು ಹಿಡಿದಳು.

"ಕೂತ್ಕೊ. ಈ ಸಲ ನೀನೂ ನೋಡು. ನನ್ನ ಹತ್ರ ಇದ್ರೆ ಮತ್ತೆ ಏನಾದ್ರೂ ಮಾಡ್ಕೊಂಡ್ಬಿಡ್ತೀನಿ. ನಿನ್ನ ತಲೇಲಿ ಇರಲಿ."

ಗೋಡೆಯಕ್ಕನ ಕಣ್ಣು ತುಂಬಿತು. ಹೆತ್ತ ತಾಯಿಯೂ ಅವಳ ಮೇಲೆ ಇಷ್ಟು ಭಾರ ಹಾಕಿ ನಂಬಿರಲಿಲ್ಲ. ನೋಡಿಬಿಡೋಣ ಎಂದು ಮೊದಲ ಸಲ ಮನಸ್ಸು ಎಳೆಯಿತು, ಪ್ರೀತಿಯಿಂದಲೇ ಎಳೆಯಿತು.

"ಬೇಡ ದೊಡ್ಡಮ್ಮಾ."

"ಯಾಕೆ ಬೇಡ? ನಾನೇ ಹೇಳ್ತಿದೀನಲ್ಲ! ಅಷ್ಟು ಜನರ ಮುಂದೆ ನಿನ್ನ ಪರ ನಿಂತೆನಲ್ಲ, ನಿನ್ನ ಮೇಲೆ ನನಗೆ ನಂಬಿಕೆ ಇದೆ!"

"ನನಗೂ ಕಷ್ಟ ಅನ್ನೋದು ಬರುತ್ತೆ ದೊಡ್ಡಮ್ಮಾ. ಅವತ್ತು ನನ್ನ ಮೇಲೆ ನನಗೇ ನಂಬಿಕೆ ಇರುತ್ತೋ ಇಲ್ವೋ."

ಮೆಲ್ಲಗೆ ಕೈ ಬಿಡಿಸಿಕೊಂಡು ತಿರುಗಿ ನಿಂತಳು. ಹಿಂದಿನಿಂದ ಬೈಗುಳ ಬಂತು, ಆಮೇಲೆ ಪೆನ್ಸಿಲಿನ ಸದ್ದು. ದೊಡ್ಡಮ್ಮ ಸುಮ್ಮನೆ ಬಿಡುವವಳಲ್ಲ. ನೋಡದಿದ್ದರೆ ಕೇಳಿಸಿಕೊಳ್ಳಲಿ ಎಂದು ಮೊದಲ ಪದವನ್ನು ಗಟ್ಟಿಯಾಗಿ ಓದಲು ಬಾಯಿ ತೆರೆದಳು. ಅಷ್ಟರಲ್ಲಿ ಗೋಡೆಯಕ್ಕ ಎರಡೂ ಕಿವಿಗೆ ಬೆರಳು ತುರುಕಿಕೊಂಡು, ಕೆಳಗಿನ ಸೈಕಲ್ ಅಂಗಡಿಗೂ ಕೇಳುವಷ್ಟು ಜೋರಾಗಿ ಲಾ ಲಾ ಎನ್ನತೊಡಗಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ದೊಡ್ಡಮ್ಮ ಬರೆದು, ಮಡಚಿ, ಬಂದು ಅವಳ ಭುಜ ತಟ್ಟುವ ತನಕ ಹಾಡುತ್ತಲೇ ಇದ್ದಳು.