ಅವ್ವನ ಕಾಲು, ಮೂರು ಗಾರ್ಡನ್ನು

ಅವ್ವನ ಪಾದಗಳಿಗೆ ಈಗ ಏನೂ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆ ಮೊದಲು ಬೆರಳುಗಳಿಗೆ ಜೋಮು ಹಿಡಿಸಿತು, ಆಮೇಲೆ ಅಂಗಾಲಿಗೆ. ಬಿಸಿನೀರು, ತಣ್ಣೀರು, ಕಲ್ಲು, ಹತ್ತಿ ಎಲ್ಲವೂ ಅವಳ ಕಾಲಿಗೆ ಒಂದೇ. ಹೋದ ವರ್ಷ ಹೆಬ್ಬೆರಳ ಹತ್ತಿರ ಎದ್ದ ಒಂದು ಸಣ್ಣ ಗುಳ್ಳೆ ಹುಣ್ಣಾಗಿ, ಅದು ಮಾಯುವಷ್ಟರಲ್ಲಿ ನಮ್ಮಿಬ್ಬರಿಗೂ ಸಾಕುಸಾಕಾಗಿ ಹೋಗಿತ್ತು. ಆಗ ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದರು: ಇನ್ನೊಂದು ಗಾಯವಾದರೆ ಬೆರಳು ಉಳಿಯುತ್ತದೆಂದು ನಾನು ಮಾತು ಕೊಡಲಾರೆ, ಪಾದವೇ ಹೋದರೂ ಹೋದೀತು. ದಿನಾ ನಡೆಸಿ. ಆದರೆ ಬರಿಗಾಲಲ್ಲಿ ಒಂದು ಹೆಜ್ಜೆಯೂ ಬೇಡ.

ನಾನು ಹುಕ್ಕೇರಿಯ ಆಸ್ಪತ್ರೆಯಲ್ಲಿ ನರ್ಸು, ಗೋಕಾಕದಿಂದ ದಿನಾ ಹೋಗಿಬರುತ್ತೇನೆ. ಸುತ್ತಲಿನ ಹಳ್ಳಿಗಳಿಂದ ಬಸ್ಸು ಹತ್ತಿ ಬರುವ ಮುದುಕ ಮುದುಕಿಯರಿಗೆಲ್ಲ ಪಾದ ಹೇಗೆ ನೋಡಿಕೊಳ್ಳಬೇಕೆಂದು ಗದರಿಸಿ ಹೇಳುವವಳು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಜೊತೆಯವರು ಆಡಿಕೊಳ್ಳುತ್ತಾರೆ, ಸುಳ್ಳೇನಲ್ಲ. ಇಂಥವಳ ಅವ್ವನಿಗೇ ಕಾಲಿನ ಹುಣ್ಣು ಬಂದಾಗ ದೀಪದ ಬುಡದಲ್ಲಿ ಕತ್ತಲೆ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೇ. ಅವ್ವನಿಗೆ ಒಳಗೆ ಮೆತ್ತನೆಯ, ದಪ್ಪ ತಳದ, ಮೇಲೆ ಪಟ್ಟಿ ಅಂಟಿಸುವ ಕರಿ ಚಪ್ಪಲಿ ತಂದುಕೊಟ್ಟೆ. ಅವಳು ತಿರುಗಿಸಿ ಮುರುಗಿಸಿ ನೋಡಿ, "ಎಮ್ಮಿ ಗೊರಸ ಇದ್ದಂಗ ಅದಾವು" ಎಂದಳು. ಆದರೂ ಹಾಕಿಕೊಂಡಳು.

ಚಪ್ಪಲಿಯೇನೋ ಬಂತು, ನಡೆಯುವುದು ಎಲ್ಲಿ? ಗೋಕಾಕದ ನಮ್ಮ ಓಣಿಯಲ್ಲಿ ಗಟಾರಕ್ಕೆಂದು ಅಗೆದ ಕಲ್ಲುಗಳು ಅಲ್ಲೇ ಬಿದ್ದಿವೆ. ಕಬ್ಬಿನ ಸುಗ್ಗಿ ಬಂತೆಂದರೆ ಟ್ರ್ಯಾಕ್ಟರುಗಳಿಗೆ ದಾರಿ ಬಿಟ್ಟು ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಉಳಿದ ಜಾಗ ನಾಯಿಗಳದು. ಅವ್ವ ಬಾಗಿಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ ಓಡಾಡಿ, "ಆತು, ಇವತ್ತಿಂದು ಮುಗೀತು" ಎಂದು ಕೂತುಬಿಡುತ್ತಿದ್ದಳು.

ಅಷ್ಟರಲ್ಲಿ ಊರ ಹೊರಗೆ ಕಾಲುವೆ ದಂಡೆಗುಂಟ ಹೊಸ ಗಾರ್ಡನ್ನು ಆಗಿದೆ ಎಂಬ ಸುದ್ದಿ ಬಂತು. ಒಂದಲ್ಲ, ಮೂರು. ಒಂದರಿಂದ ಇನ್ನೊಂದಕ್ಕೆ ಕಾಲುದಾರಿ ಮಾಡಿದ್ದಾರಂತೆ. ಈ ತುದಿಯಲ್ಲಿ ಒಳಹೊಕ್ಕರೆ ಕೊಣ್ಣೂರ ಕಡೆಯ ಬಾಗಿಲಲ್ಲಿ ಹೊರಬೀಳಬಹುದಂತೆ. ಗಾಡಿ ಇಲ್ಲ, ನಾಯಿ ಇಲ್ಲ. ಒಂದೇ ದೊಡ್ಡದು ಮಾಡುವುದು ಬಿಟ್ಟು ಮೂರು ಯಾಕೆ ಎನ್ನುವುದು ನಮ್ಮ ಓಣಿಯ ಹೆಂಗಸರಿಗೆ ಬಗೆಹರಿಯಲಿಲ್ಲ. ಗಂಡಸರಿಗೊಂದು, ಹೆಂಗಸರಿಗೊಂದು, ಲಗ್ನ ಕೂಡಿಬರದವರಿಗೊಂದು ಎಂದು ಬಾಜೂ ಮನೆಯಾಕೆ ನನ್ನ ಮುಖ ನೋಡಿಯೇ ಹೇಳಿದಳು. ನನಗೆ ಲಗ್ನವಾಗಿಲ್ಲ. "ಹಂಗಾರ ಮೂರನೇದ್ರ ಕೀಲಿ ನನ್ನ ಕಡೆ ಕೊಡಾಕ ಹೇಳ್ರಿ" ಎಂದೆ.

ಮುಂದಿನ ರವಿವಾರವೇ ಬೆಳಿಗ್ಗೆ ಅವ್ವನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆ. ಬಾಗಿಲು ನೋಡಿ ನನಗೇ ಒಂದು ಕ್ಷಣ ಬೆರಗಾಯಿತು. ಎತ್ತರದ ಕಲ್ಲಿನ ಕಮಾನು, ಎರಡೂ ಕಡೆ ಸೊಂಡಿಲೆತ್ತಿದ ಆನೆ, ನಡುವೆ ಮುಖ ಕಾಣುವಷ್ಟು ನುಣುಪಾದ ಹಾಸುಗಲ್ಲು. ಕಾವಲುಗಾರ ನನ್ನ ಚೀಲ ಮುಟ್ಟಿ ನೋಡಿ, ತಿಂಡಿಯ ಡಬ್ಬಿ ಒಳಗೆ ಒಯ್ಯುವಂತಿಲ್ಲ ಎಂದ. ನನಗೆ ಅಷ್ಟು ಸಾಕಾಯಿತು.

"ನಮ್ಮವ್ವಗ ಸಕ್ಕರಿ ಐತ್ರಿ. ಹೊತ್ತಿಗೆ ಸರಿಯಾಗಿ ತಿನ್ನದ ಬಿದ್ರ ನೀವ ಎತ್ತಿಕೊಂಡು ಹೋಗ್ತೀರೇನು?"

"ನಂದೇನೈತ್ರಿ ಮೇಡಂ, ಮ್ಯಾಲಿನವ್ರು ಹೇಳ್ಯಾರ."

"ಮ್ಯಾಲಿನವ್ರನ್ನ ಕರೀರಿ. ಅವ್ರ ಎತ್ತಲಿ."

ಅವನು ಕೈಮುಗಿದು ಒಳಗೆ ಬಿಟ್ಟ. ಗೆದ್ದ ಖುಷಿಯಲ್ಲಿ ನಾನು ಅಲ್ಲಿದ್ದ ನಕ್ಷೆಯ ಬೋರ್ಡಿನ ಮುಂದೆ ಹೋಗಿ ನಿಂತೆ. ಹಿಂದಿನಿಂದ ಅವ್ವ ಬಂದಳು. ಅವಳ ಸೀರೆ ನೆಲ ಗುಡಿಸುವಷ್ಟು ಉದ್ದ. ನಾನು ಕೆಳಗೆ ನೋಡಲಿಲ್ಲ.

ಮೊದಲನೆಯ ಗಾರ್ಡನ್ನು ಮಕ್ಕಳದು. ಉಯ್ಯಾಲೆ, ಜಾರುಬಂಡಿ ಎಲ್ಲ ಇದ್ದವು. ಆದರೆ ಉಯ್ಯಾಲೆಯಲ್ಲಿ ಪಟಕಾ ಸುತ್ತಿದ ಇಬ್ಬರು ಹಿರಿಯರು ಕೂತು ಗಂಭೀರವಾಗಿ ಮಾತಾಡುತ್ತಿದ್ದರು, ಮಕ್ಕಳು ಸುತ್ತ ಕಾದು ನಿಂತಿದ್ದವು. ಅವ್ವ ಹಸಿರು ಹುಲ್ಲುಹಾಸನ್ನು ಬಹಳ ಹೊತ್ತು ನೋಡಿದಳು. "ಇಷ್ಟ ಹುಲ್ಲ ಬೆಳಸ್ಯಾರ, ಒಂದ ಎಮ್ಮಿನೂ ಇಲ್ಲಲ್ಲ" ಎಂದಳು. ಅದು ತಿನ್ನಲಿಕ್ಕಲ್ಲ, ನೋಡಲಿಕ್ಕೆ ಎಂದೆ. ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಅಲ್ಲಿಂದ ಎರಡನೆಯದಕ್ಕೆ ಹೋಗುವ ದಾರಿ ಕಾಲುವೆಯ ಪಕ್ಕದಲ್ಲೇ ಸಾಗುತ್ತದೆ. ಹಿಡಕಲ್ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಕಾಲುವೆ ತುಂಬಿ ಸದ್ದಿಲ್ಲದೆ ಹರಿಯುತ್ತಿತ್ತು. ಆಚೆ ಕಬ್ಬಿನ ಗದ್ದೆ, ಈಚೆ ಸವರಿದ ಜಾಲಿಯ ಸಾಲು. ದಾರಿ ಇಬ್ಬರು ಮೂವರು ಜೊತೆಯಾಗಿ ನಡೆಯುವಷ್ಟು ಅಗಲವಿದ್ದರೂ ಅವ್ವ ಅಂಚಿನ ಮಣ್ಣಿನ ಮೇಲೆಯೇ ನಡೆಯುತ್ತಿದ್ದಳು. ನಡುವೆ ಬಾ ಎಂದು ಕರೆದರೆ, "ಇಲ್ಲೇ ಛಲೋ ಐತಿ" ಎಂದಳು. ಅವಳು ಮನೆಯಿಂದಾಚೆ ಇಷ್ಟು ದೂರ ನಡೆದು ವರ್ಷವೇ ಆಗಿತ್ತು. ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಎಂದೂ ಹಾಡದ ನಾನು ಏನನ್ನೋ ಗುನುಗುತ್ತಿದ್ದೆ.

ಎರಡನೆಯ ಗಾರ್ಡನ್ನಿನಲ್ಲಿ ಹಳೆಯ ಬೇವು, ಹುಣಸೆ ಮರಗಳನ್ನು ಹಾಗೆಯೇ ಉಳಿಸಿಕೊಂಡಿದ್ದರು. ಔಷಧದ ಗಿಡಗಳಿಗೆ ಒಂದೊಂದು ಹೆಸರಿನ ಹಲಗೆ. ಅವ್ವನಿಗೆ ಓದು ಬರುವುದಿಲ್ಲ, ನಾನು ಓದಿ ಹೇಳಿದೆ. "ತುಳಸಿಗೂ ಬೋರ್ಡ್ ಬೇಕೇನ?" ಎಂದು ನಗುತ್ತ ಬೇವಿನ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತಳು. ಡಬ್ಬಿ ತೆಗೆಯಲೆಂದು ಬಗ್ಗಿದಾಗ ನನಗೆ ಅವಳ ಸೀರೆಯ ಅಂಚಿನ ಹತ್ತಿರ, ಬಿಳಿ ಫರಸಿಕಲ್ಲಿನ ಮೇಲೆ ಕೆಂಪು ಕಲೆ ಕಂಡಿತು. ಸೀರೆ ಸರಿಸಿದೆ. ಬರಿಗಾಲು. ಎಡಗಾಲಿನ ಹಿಮ್ಮಡಿಯಿಂದ ರಕ್ತ ಜಿನುಗುತ್ತಿತ್ತು.

"ಚಪ್ಪಲಿ ಎಲ್ಲಿ?"

"ಬಾಗಲದಾಗ ಬಿಟ್ಟೇನಿ."

"ಯಾಕ ಬಿಟ್ಟಿ? ಡಾಕ್ಟರ್ ಹೇಳಿದ್ದು ಮರತಿ ಏನ? ಕಾಲು ಕತ್ತರಿಸ್ತಾರ ಬೇ, ಕಾಲು!"

"ಒದರಬ್ಯಾಡ, ಮಂದಿ ನೋಡಾಕತ್ತಾರ."

"ನೋಡ್ಲಿ. ಯಾಕ ಬಿಟ್ಟಿ ಅದನ್ನ ಹೇಳು."

ಅವ್ವ ಸೀರೆಯನ್ನು ಮತ್ತೆ ಕಾಲ ಮೇಲೆ ಎಳೆದುಕೊಂಡಳು. "ಬಾಗಲಾ ಭಾಳ ದೊಡ್ಡದಿತ್ತು" ಎಂದಳು. "ಕೈ ತಾನ ಚಪ್ಪಲಿಗೆ ಹೋತು. ಕೈಯಾಗ ಹಿಡಕೊಂಡು ಬಂದ್ರ ನೀ ಸಿಟ್ಟಿಗೇಳತಿದ್ದಿ. ಅದಕ್ಕ ಅಲ್ಲೇ ಬಿಟ್ಟೆ."

ಅವ್ವನ ತವರು ಹುಕ್ಕೇರಿ ಕಡೆಯ ಒಂದು ಹಳ್ಳಿ. ಅಲ್ಲಿ ಊರ ಗೌಡರ ದೊಡ್ಡ ಮನೆ, ವಾಡೆ ಇತ್ತು, ಅದಕ್ಕೊಂದು ದೊಡ್ಡ ಬಾಗಿಲು. ನಮ್ಮ ಕೇರಿಯವರು ಆ ಬಾಗಿಲ ಮುಂದೆ ಹಾಯುವಾಗ ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡು, ದಾರಿಯ ಅಂಚಿಗೆ ಸರಿದು ನಡೆಯಬೇಕಿತ್ತು. ಅವ್ವ ಇದನ್ನು ಒಂದೇ ಒಂದು ಸಲ, ಆ ವರ್ಷ ಮಳೆ ಕಡಿಮೆ ಇತ್ತು ಎನ್ನುವಷ್ಟು ಸಹಜವಾಗಿ ಹೇಳಿದ್ದಳು. ಆಮೇಲೆ ನಾವು ಬೌದ್ಧರಾದೆವು, ಗೋಡೆಗೆ ಬುದ್ಧನ ಪಟ ಬಂತು, ನಾನು ಓದಿದೆ, ಕೆಲಸ ಸಿಕ್ಕಿತು, ಗೋಕಾಕದಲ್ಲಿ ಮನೆ ಮಾಡಿದೆವು. ಅದೆಲ್ಲ ಹಿಂದೆ ಉಳಿಯಿತೆಂದೇ ನಾನು ತಿಳಿದಿದ್ದೆ. ಅದು ನಮ್ಮ ಜೊತೆಗೇ ಆಟೋ ಹತ್ತಿ ಬಂದಿತ್ತು.

ಸಿಟ್ಟು ಹೋಗಿ ಅಳು ಬಂತು. ಅವಳಿಗೆ ಕಾಣದಿರಲೆಂದು ನೆಲಕ್ಕೆ ಕೂತು ಅವಳ ಕಾಲನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡೆ. ಅವಳು ಬಿಡಿಸಿಕೊಳ್ಳಲು ನೋಡಿದಳು.

"ಮಂದಿ ಏನ ಅಂದಾರು. ಬಿಡ."

"ದಿನಾ ಊರ ಮಂದಿ ಕಾಲೆಲ್ಲಾ ಹಿಡೀತೇನಿ ನಾನು. ನಿನ್ನ ಕಾಲು ಹಿಡಿದ್ರ ಏನಾತು? ಸುಮ್ನ ಕುಂದರು."

ಹಿಮ್ಮಡಿಯಲ್ಲಿ ಜಾಲಿಯ ಮುಳ್ಳು ಮುರಿದು ಕೂತಿತ್ತು. ಅದರ ಮೇಲೆ ಭಾರ ಊರಿ ಅವಳು ಅಷ್ಟು ದೂರ ನಗುನಗುತ್ತ ನಡೆದಿದ್ದಳು. ಅವಳ ಕಾಲಿಗೆಂದೇ ಚೀಲದಲ್ಲಿ ಹತ್ತಿ, ಚಿಮಟ, ಪಟ್ಟಿ ಇಟ್ಟುಕೊಂಡಿರುತ್ತೇನೆ. ಹಿಮ್ಮಡಿ ಒರೆಸಿ ಚಿಮಟ ಹಿಡಿದೆ. ಮುಳ್ಳು ಕೀಳುವಾಗಲೂ ಅವ್ವ ಬೇವಿನ ಮರದಲ್ಲಿ ಕೂತ ಗಿಳಿಯನ್ನು ನೋಡುತ್ತಿದ್ದಳು. ನೋವೆಂದು ಅವಳು ಒಮ್ಮೆ ಕೂಗಿದ್ದರೆ ನಾನು ಎಷ್ಟು ಸಮಾಧಾನಪಡುತ್ತಿದ್ದೆನೋ.

ಪಟ್ಟಿ ಸುತ್ತಿ, ಅವಳ ಪಾದ ನೆಲಕ್ಕೆ ತಾಗದಿರಲೆಂದು ನನ್ನ ಚಪ್ಪಲಿಗಳನ್ನು ಅದರ ಕೆಳಗಿಟ್ಟು, ಏಳಬೇಡ ಎಂದು ಆಣೆ ಹಾಕಿ, ನಾನು ಬರಿಗಾಲಲ್ಲೇ ಮೊದಲನೆಯ ಬಾಗಿಲಿಗೆ ಓಡಿದೆ. ಕಾಲುವೆಯ ದಾರಿಯಲ್ಲಿ ಒಂದೊಂದು ಹರಳೂ ನನಗೆ ಚುಚ್ಚಿತು.

ಬಾಗಿಲಲ್ಲಿ ನೋಡಿದರೆ ಸಾಲಾಗಿ ಚಪ್ಪಲಿಗಳು. ಹೊಸ ಬೂಟು, ಹರಿದ ರಬ್ಬರು, ಕೊಲ್ಲಾಪುರಿ, ಮಕ್ಕಳ ಬಣ್ಣದ ಸ್ಯಾಂಡಲ್ಲು. ಕಾವಲುಗಾರ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಯಾರೋ ಒಬ್ರು ಬಿಟ್ಟು ಹೋದ್ರು ಮೇಡಂ, ಅದನ್ನ ನೋಡಿ ಹಿಂದ ಬಂದಾವ್ರೆಲ್ಲಾ ಬಿಡಾಕತ್ತಾರ. ಬ್ಯಾಡ್ರಿ ಅಂದ್ರ, ಒಳಗ ಯಾ ದೇವ್ರು ಐತಿ ಅಂತ ನನ್ನ ಕೇಳ್ತಾರ."

ನಾನು ಅಷ್ಟು ಸಂಕಟದಲ್ಲೂ ನಕ್ಕುಬಿಟ್ಟೆ. ನಮ್ಮ ಮಂದಿಯೇ ಹಾಗೆ, ಹತ್ತರ ಕೂಡ ಹನ್ನೊಂದು. ಒಬ್ಬರು ಕೈಮುಗಿದರೆ ಕಲ್ಲು ಯಾವುದೆಂದು ಕೇಳದೆ ಉಳಿದವರೂ ಮುಗಿಯುತ್ತಾರೆ. ಯಾರ ಚಪ್ಪಲಿ ನೋಡಿ ಇವರೆಲ್ಲ ತಮ್ಮದನ್ನು ಬಿಟ್ಟರು ಎಂದು ತಿಳಿದಿದ್ದರೆ ಕೆಲವರ ಮುಖ ಹೇಗಾಗುತ್ತಿತ್ತೋ. ಆದರೆ ಆ ಸಾಲಿನಲ್ಲಿ ಅವ್ವನ ಜೋಡು ಇರಲಿಲ್ಲ. ಹುಡುಕಿದರೆ ಅವು ಕಮಾನಿನಿಂದಾಚೆ, ಗೋಡೆಯ ಬುಡದಲ್ಲಿ, ಯಾರ ಕಾಲಿಗೂ ಅಡ್ಡವಾಗದಂತೆ ಒಂದಕ್ಕೊಂದು ಜೋಡಿಸಿದಂತೆ ಇದ್ದವು. ಅವನ್ನೆತ್ತಿ ಎದೆಗೆ ಅವುಚಿಕೊಂಡೇ ಹಿಂದಿರುಗಿದೆ. ನೋಡಿದವರು ನೋಡಿಕೊಳ್ಳಲಿ ಎನ್ನಿಸಿತು.

ಮುಂದಿನ ವಾರಗಳು ಕೆಟ್ಟವು. ಹಿಮ್ಮಡಿ ಬಾತಿತು, ಕೀವಾಯಿತು. ಡಾಕ್ಟರು ನೋಡಿ ಬಲವಾದ ಇಂಜೆಕ್ಷನ್ನು ಬರೆದರು. ಅಂಥದ್ದನ್ನು ಬರೆದರೆ ಅದರ ಅರ್ಥವೇನೆಂದು ನನಗೆ ಗೊತ್ತು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ ಪಟ್ಟಿ ಬಿಚ್ಚುತ್ತಿದ್ದೆ. ಬಿಚ್ಚುವಾಗಲೆಲ್ಲ ಚರ್ಮ ಕಪ್ಪಾಗಿರದಿದ್ದರೆ ಸಾಕು ಎಂದು ಒಳಗೊಳಗೇ ಬೇಡುತ್ತಿದ್ದೆ. ಅವಳು ಕಾಲು ಕಳೆದುಕೊಂಡರೆ ಎಂಬ ಯೋಚನೆಗಿಂತ, ನಡೆಯಲೆಂದು ಕರೆದೊಯ್ದವಳು ನಾನೇ ಎಂಬುದು ಹೆಚ್ಚು ಸುಡುತ್ತಿತ್ತು. ಅವ್ವನಿಗೆ ಅದರ ಪರಿವೆಯೇ ಇಲ್ಲ. ಬಾಜೂ ಮನೆಯಾಕೆ ನೋಡಲು ಬಂದಾಗ ತಂದ ಕರದಂಟಿನ ತುಂಡೊಂದನ್ನು ದಿಂಬಿನ ಕೆಳಗೆ ಮುಚ್ಚಿಟ್ಟು ಸಿಕ್ಕಿಬಿದ್ದಳು. ಬೈದರೆ, "ಒಂದ ಚೂರು ಅಂಟು, ಒಂದ ಬದಾಮಿ, ಅದ್ರಾಗ ಸಕ್ಕರಿ ಎಲ್ಲೈತಿ?" ಎಂದು ವಾದ ಹೂಡಿದಳು.

ಒಂದು ಸಂಜೆ ಪಟ್ಟಿ ಬಿಚ್ಚಿದಾಗ ಗಾಯದ ಸುತ್ತ ತೆಳುವಾದ ಗುಲಾಬಿ ಚರ್ಮ ಕಂಡಿತು. ನಾನು ಅದನ್ನೇ ನೋಡುತ್ತ ಕೂತುಬಿಟ್ಟೆ. ಅವ್ವ ಮೇಲಿನಿಂದ ಕೇಳಿದಳು: "ಅಲ್ಲಾ, ಆ ಮೂರನೇ ಗಾರ್ಡನ್ ನೋಡೂದು ಹಂಗ ಉಳೀತಲ್ಲ?" ನನಗೆ ಅವಳನ್ನು ಹೊಡೆಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ಕಾಲನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೆ.

ಗಾಯ ಪೂರ್ತಿ ಮಾಯ್ದು, ಡಾಕ್ಟರು ಹೂಂ ಅಂದ ಮೇಲೆ ಮತ್ತೆ ಹೋದೆವು. ಅದೇ ಕಮಾನು, ಅದೇ ಆನೆಗಳು. ಕಮಾನಿನ ಕೆಳಗೆ ಬಂದಾಗ ಅವ್ವ ನಿಂತಳು. ಅವಳ ಕೈ ಮೊಣಕಾಲಿನ ತನಕ ಇಳಿದದ್ದನ್ನು ನಾನು ಕಂಡೆ. ಕಂಬಕ್ಕೆ ಹೊಸದಾಗಿ ಒಂದು ಹಲಗೆ ತೂಗುಹಾಕಿದ್ದರು, ಅವ್ವ ಅದರ ಕಡೆ ಗದ್ದ ಎತ್ತಿದಳು.

"ಏನಂತ ಬರದಾರ?"

ನಾನು ಓದಿದೆ: ದಯವಿಟ್ಟು ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗಿ.

ಅವ್ವ ನನ್ನ ಮುಖ ನೋಡಿದಳು. ನಾನು ಅವಳನ್ನು ಸಮಾಧಾನ ಮಾಡಲು ಕಟ್ಟಿ ಹೇಳುತ್ತಿದ್ದೇನೆ ಎಂದುಕೊಂಡಿರಬೇಕು.

"ಖರೇನ?"

"ಖರೇನ ಬೇ. ಬೇಕಾದ್ರ ಅವ್ರನ್ನ ಕೇಳು."

ಅವಳು ಕಾವಲುಗಾರನನ್ನು ಕೇಳಲಿಲ್ಲ. "ಯಾರಿಗೆ ಬರದಾರ?" ಎಂದು ನನ್ನನ್ನೇ ಕೇಳಿದಳು.

"ಎಲ್ಲಾರಿಗೂ."

"ಇನ್ನೊಮ್ಮೆ ಓದು."

ಇನ್ನೊಮ್ಮೆ ಓದಿದೆ. ಅವಳು ಸೆರಗನ್ನು ಸರಿಮಾಡಿಕೊಂಡು, ಮೊಣಕಾಲ ಮೇಲಿದ್ದ ಕೈಯನ್ನು ಎತ್ತಿ, ಒಳಗೆ ಹೆಜ್ಜೆಯಿಟ್ಟಳು. ಪಾದಕ್ಕೆ ಸ್ಪರ್ಶ ತಿಳಿಯದ್ದರಿಂದ ಅವಳು ಕಾಲೆಳೆದು ನಡೆಯುತ್ತಾಳೆ. ಆ ನುಣುಪಾದ ಹಾಸುಗಲ್ಲಿನ ಮೇಲೆ ದಪ್ಪ ತಳದ ಚಪ್ಪಲಿಗಳು ಜೋರಾಗಿ ಸದ್ದು ಮಾಡಿದವು. ಉಯ್ಯಾಲೆಯಲ್ಲಿದ್ದವರು ತಿರುಗಿ ನೋಡಿದರು. ಅವ್ವ ಅಂಚಿಗೆ ಸರಿಯಲಿಲ್ಲ. ದಾರಿಯ ನಡುವೆಯೇ ನಿಂತು, ಹೊರಳದೆ ನನ್ನನ್ನು ಕೇಳಿದಳು.

"ಸಪ್ಪಳ ಭಾಳ ಮಾಡ್ತಾವಲ್ಲ ಇವು?"

"ಮಾಡ್ಲಿ ಬಿಡ ಬೇ," ಎಂದೆ.

ಅವಳು ಸ್ವಲ್ಪ ಯೋಚಿಸಿ, "ಹೂಂ, ಮಾಡ್ಲಿ" ಎಂದು ಮುಂದೆ ನಡೆದಳು. ನಾನು ಕಣ್ಣೊರೆಸಿಕೊಂಡು ಅವಳ ಹಿಂದೆ ನಡೆದೆ.